ನೆರೆಗೆ ಕಿತ್ತುಹೋದ ಕಾಡುದಾರಿ: ಮಣ್ಣು ಸುರಿಯುವ ಮೊದಲು ದೋಷ ಹುಡುಕಿ

ನೆರೆ ಇಳಿದ ಮೇಲೆ ಕಾಡಿನ ದಾರಿ ನೋಡಲು ಹೋದರೆ ಮೊದಲು ಕಣ್ಣಿಗೆ ಬೀಳುವುದು ಒಂದು ದೊಡ್ಡ ಕಂದಕ. ನಿನ್ನೆವರೆಗೆ ರಸ್ತೆ ಇದ್ದ ಜಾಗದಲ್ಲಿ ಇವತ್ತು ಬರೀ ಗಾಳಿ. ಅದರಾಚೆ ಚಾರಣದ ದಾರಿ, ಬಿಡಾರ ಹೂಡುವ ಬಯಲು, ಜಲಪಾತ ಎಲ್ಲವೂ ಇದ್ದಲ್ಲೇ ಇವೆ. ತಲುಪಲು ಮಾತ್ರ ಆಗುವುದಿಲ್ಲ. ಎಲ್ಲರಿಗೂ ಅವಸರ. ಒಂದು ಜೆಸಿಬಿ ತರಿಸಿ, ಹತ್ತಿಪ್ಪತ್ತು ಲೋಡು ಮಣ್ಣು ಸುರಿದು, ಮೇಲೆ ಜಲ್ಲಿ ಹರಡಿದರೆ ಆಯಿತು ಅಂತ ಅನಿಸುತ್ತದೆ.

ಹಾಗೆ ಮಾಡಿದ ಒಂದು ದಾರಿ ನನಗೆ ಗೊತ್ತು. ಒಂದೇ ತಿರುವು, ಮೂರು ಮಳೆಗಾಲ, ಮೂರು ಸಲ ಮಣ್ಣು. ಮೂರು ಸಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು. ನಾಲ್ಕನೇ ಸಲ ಮಣ್ಣು ಹಾಕುವ ಮೊದಲು ನಾವು ಕೆಲವರು ರಸ್ತೆ ಹಿಡಿದು ಮೇಲಕ್ಕೆ ನಡೆದೆವು. ಸುಮಾರು ಇನ್ನೂರು ಮೀಟರ್ ಮೇಲೆ ರಸ್ತೆಯ ಅಡಿಯಲ್ಲಿ ಒಂದು ಪೈಪು ಇತ್ತು. ಅದರ ಬಾಯಿಗೆ ಕೊಂಬೆ, ಎಲೆ, ಹೂಳು ತುಂಬಿ ಕಲ್ಲಿನಂತೆ ಗಟ್ಟಿಯಾಗಿತ್ತು. ಪೈಪಿನೊಳಗೆ ಹೋಗಬೇಕಾದ ನೀರು ಚರಂಡಿ ಹಿಡಿದು ಕೆಳಗೆ ಓಡಿ, ಮುಂದಿನ ಪೈಪಿನ ನೀರನ್ನೂ ಸೇರಿಸಿಕೊಂಡು, ಆ ತಿರುವಿನಲ್ಲಿ ರಸ್ತೆ ಹಾರಿತ್ತು. ತಿರುವಿನಲ್ಲಿ ಏನೂ ದೋಷ ಇರಲಿಲ್ಲ. ಅದು ಪೆಟ್ಟು ತಿಂದ ಜಾಗ ಅಷ್ಟೇ.

ಈ ಕೈಪಿಡಿ ಪೂರ್ತಿ ಆ ಒಂದು ಪಾಠದ ಮೇಲೆ ನಿಂತಿದೆ. ರಸ್ತೆ ಕಿತ್ತುಹೋದ ಜಾಗ ಬೇರೆ, ಕೆಟ್ಟ ಜಾಗ ಬೇರೆ ಇರಬಹುದು. ನೀರು ಮೊದಲು ತನ್ನ ದಾರಿ ಬಿಟ್ಟದ್ದು ಎಲ್ಲಿ ಎಂದು ಹುಡುಕಿ. ಕೈ ಹಚ್ಚಬೇಕಾದ್ದು ಅಲ್ಲಿಂದ.

ಹೋಗುವ ಮೊದಲು

ಕಿತ್ತುಹೋದ ಅಂಚಿಗೆ ನೇರವಾಗಿ ಹೋಗಿ ನಿಲ್ಲಬೇಡಿ. ನೀರು ಬುಡದ ಮಣ್ಣನ್ನು ಕೊರೆದು ಮೇಲಿನ ಡಾಂಬರನ್ನು ಚಪ್ಪಡಿಯಂತೆ ಹಾಗೇ ಬಿಟ್ಟಿರುತ್ತದೆ. ನೋಡಲು ಗಟ್ಟಿ, ಒಳಗೆ ಪೊಳ್ಳು. ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಆ ಬಿರುಕಿನ ಆಚೆಯದು ಬೀಳುವ ಭಾಗ ಎಂದೇ ತಿಳಿಯಿರಿ. ಒಬ್ಬರೇ ಹೋಗಬೇಡಿ. ಮಳೆ ನಿಂತ ತಕ್ಷಣ ದರೆಯ ಬುಡದಲ್ಲಿ ನಿಂತು ಫೋಟೋ ತೆಗೆಯುವುದೂ ಬೇಡ. ನೆನೆದ ಮಣ್ಣು ಮಳೆ ಬಿಟ್ಟು ಒಂದೆರಡು ದಿನದ ಮೇಲೂ ಜಾರುತ್ತದೆ.

ಆದರೆ ತುಂಬಾ ತಡವೂ ಮಾಡಬೇಡಿ. ಯಂತ್ರಗಳು ಬಂದು ಕೆಸರು ಸರಿಸಿದ ಮೇಲೆ ಅರ್ಧ ಸಾಕ್ಷಿ ಹೋಯಿತು. ಇನ್ನೊಂದು ಜೋರು ಮಳೆ ಬಂದರೆ ಉಳಿದದ್ದೂ ಹೋಯಿತು. ಅಳತೆ ಟೇಪು, ಒಂದೂವರೆ ಮೀಟರ್ ಉದ್ದದ ಕಬ್ಬಿಣದ ಸರಳು, ಗುದ್ದಲಿ, ಗುರುತು ಹಾಕಲು ಬಣ್ಣ, ಇಳಿಜಾರು ಅಳೆಯುವ ಸಾಧನವಿರುವ ಫೋನು. ಇಷ್ಟಿದ್ದರೆ ಮೊದಲ ದಿನದ ಕೆಲಸ ಆಗುತ್ತದೆ.

ನೀರಿನ ಗುರುತು ಓದುವುದು

ಕುಸಿದ ಜಾಗದಿಂದ ಮೇಲಕ್ಕೆ ನಡೆಯಿರಿ. ರಸ್ತೆಯ ಮೈ ನೋಡಿ. ಕೊರಕಲುಗಳು ರಸ್ತೆಯ ಉದ್ದಕ್ಕೆ ಇವೆಯಾ, ಅಡ್ಡಕ್ಕೆ ಇವೆಯಾ? ಅಡ್ಡಕ್ಕಿದ್ದರೆ ನೀರು ರಸ್ತೆಯನ್ನು ದಾಟಿ ಹೋಗಿದೆ. ಉದ್ದಕ್ಕಿದ್ದರೆ ನೀರು ರಸ್ತೆಯನ್ನೇ ಕಾಲುವೆ ಮಾಡಿಕೊಂಡಿದೆ. ಎರಡನೆಯದು ಜಾಸ್ತಿ ಅಪಾಯ. ಆ ಕೊರಕಲು ಎಲ್ಲಿ ಶುರುವಾಯಿತೋ ಅಲ್ಲಿವರೆಗೆ ಬಿಡದೆ ಹೋಗಿ.

ಹುಲ್ಲು ಯಾವ ಕಡೆ ಮಲಗಿದೆ ನೋಡಿ. ನೀರು ಹೋದ ದಿಕ್ಕು ಅದೇ. ಪೊದೆಗಳಲ್ಲಿ ಸಿಕ್ಕಿಕೊಂಡ ಎಲೆ, ಕಡ್ಡಿ ಎಷ್ಟು ಎತ್ತರದಲ್ಲಿವೆ ಎಂದು ಅಳೆಯಿರಿ. ನೀರು ಏರಿದ ಮಟ್ಟ ಅದೇ. ನುಣುಪಾದ ಹೂಳು ಕೂತಿದ್ದರೆ ಅಲ್ಲಿ ನೀರು ನಿಂತಿತ್ತು. ಮೋರಿಯ ಮೇಲ್ಬದಿಯಲ್ಲಿ ಇಂಥ ಹೂಳು ಅಗಲವಾಗಿ ಹರಡಿದ್ದರೆ, ಮೋರಿ ನೀರನ್ನು ಬಿಡಲಾಗದೆ ಹಿಂದೆ ಕೆರೆ ಕಟ್ಟಿತ್ತು ಎಂದು ಅರ್ಥ.

ದಪ್ಪ ಕಲ್ಲು ಉರುಳಿ ಬಂದಿದ್ದರೆ ಅದು ವೇಗದ ಗುರುತು. ಹರಿವಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟು ಆಗುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಂಬಲು ಆಗಲಿಲ್ಲ. ಕಿರಿದಾದ ಮೋರಿಯಿಂದ ಚಿಮ್ಮುವ ನೀರು ಬಂಡೆಯನ್ನೇ ಯಾಕೆ ಸರಿಸುತ್ತದೆ ಎಂದು ಆಮೇಲೆ ತಿಳಿಯಿತು.

ಹಳ್ಳ ದಾಟುವ ಜಾಗವೇ ಕೊಚ್ಚಿಹೋಗಿದ್ದರೆ

ಕಾಡುದಾರಿಗಳಲ್ಲಿ ದೊಡ್ಡ ನಷ್ಟ ಆಗುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮೋರಿ ಹೋಗಿದೆ ಎಂದ ಕೂಡಲೇ "ಪೈಪು ಚಿಕ್ಕದಾಯಿತು, ದೊಡ್ಡದು ಹಾಕಿ" ಎನ್ನುವುದು ರೂಢಿ. ನಿಜ ಇರಬಹುದು. ಆದರೆ ಕಾರಣ ಅದೊಂದೇ ಅಲ್ಲ. ಅಮೆರಿಕದ ವಾಷಿಂಗ್ಟನ್, ಓರೆಗನ್, ಉತ್ತರ ಕ್ಯಾಲಿಫೋರ್ನಿಯಾದ ಕಾಡುಗಳಲ್ಲಿ 1990ರ ದಶಕದ ನಡುವೆ ದೊಡ್ಡ ನೆರೆಗಳು ಬಂದವು. ಆಮೇಲೆ ಅಲ್ಲಿನ ಅರಣ್ಯ ಇಲಾಖೆಯವರು ಕೆಟ್ಟ ಮೋರಿಗಳನ್ನು ಒಂದೊಂದಾಗಿ ನೋಡಿದರು. ಬರೀ ನೀರು ಜಾಸ್ತಿಯಾಗಿ ಕೆಟ್ಟವು ಸ್ವಲ್ಪವೇ. ಹೂಳು, ಮರದ ತುಂಡು, ಮೇಲಿಂದ ಜಾರಿ ಬಂದ ಕೆಸರು, ಇವೇ ಹೆಚ್ಚಿನ ಮೋರಿಗಳನ್ನು ಕೆಡಿಸಿದ್ದವು.

ಹಾಗಾದರೆ ಯಾವುದು ಎಂದು ತಿಳಿಯುವುದು ಹೇಗೆ?

ಬಾಯಿ ಕಟ್ಟಿಕೊಂಡಿದ್ದರೆ ಸಾಕ್ಷಿ ಸುಲಭವಾಗಿ ಸಿಗುತ್ತದೆ. ಪೈಪು ಇನ್ನೂ ಇದ್ದರೆ ಅದರ ಬಾಯಿ ನೋಡಿ. ಕೊಚ್ಚಿಹೋಗಿದ್ದರೆ ಕೆಳಗೆ ಹುಡುಕಿ, ಒಳಗೆ ಏನು ತುಂಬಿದೆ ನೋಡಿ. ಸಾಮಾನ್ಯವಾಗಿ ಪೈಪಿನ ಅಗಲಕ್ಕಿಂತ ಸ್ವಲ್ಪ ಉದ್ದದ ಒಂದು ಕೊಂಬೆ ಅಡ್ಡಲಾಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಸಣ್ಣ ಕಡ್ಡಿ, ಕಡ್ಡಿಯ ಹಿಂದೆ ಎಲೆ, ಎಲೆಯ ಹಿಂದೆ ಹೂಳು. ದೊಡ್ಡ ದಿಮ್ಮಿಯೇ ಬರಬೇಕಾಗಿಲ್ಲ.

ಹಳ್ಳಕ್ಕಿಂತ ಮೋರಿಯ ಬಾಯಿ ಕಿರಿದಾಗಿದ್ದಷ್ಟೂ ಈ ತೊಂದರೆ ಜಾಸ್ತಿ. ಅಗಲವಾದ ಹಳ್ಳದಲ್ಲಿ ತೇಲಿ ಬಂದ ಕೊಂಬೆ ಮೋರಿಯ ಮುಂದೆ ಅಡ್ಡ ತಿರುಗುತ್ತದೆ. ಹಳ್ಳದಷ್ಟೇ ಅಗಲದ ಬಾಯಿ ಇದ್ದರೆ ನೇರವಾಗಿ ದಾಟಿ ಹೋಗುತ್ತದೆ. ಎರಡು ಮೂರು ಸಣ್ಣ ಪೈಪು ಪಕ್ಕಪಕ್ಕ ಹಾಕುವುದು ಇದೇ ಕಾರಣಕ್ಕೆ ಕೆಟ್ಟ ಉಪಾಯ. ಲೆಕ್ಕದಲ್ಲಿ ನೀರು ಹಿಡಿಸುತ್ತದೆ, ಆದರೆ ನಡುವಿನ ಗೋಡೆಗಳು ಕಸ ಹಿಡಿಯುವ ಬಾಚಣಿಗೆ ಆಗುತ್ತವೆ.

ನಿಜವಾಗಿಯೂ ಚಿಕ್ಕದಿದ್ದರೆ ಗುರುತು ಬೇರೆ. ಬಾಯಿ ಸ್ವಚ್ಛ ಇರುತ್ತದೆ, ಆದರೂ ಹಿಂದೆ ನೀರು ನಿಂತ ಮಟ್ಟ ಪೈಪಿನ ತಲೆಗಿಂತ ಬಹಳ ಮೇಲೆ ಇರುತ್ತದೆ. ಆಗ ಹಳ್ಳದ ಅಗಲ ಅಳೆಯಿರಿ. ರಸ್ತೆಯ ಹತ್ತಿರ ಅಳೆಯಬೇಡಿ, ಅಲ್ಲಿ ಮೋರಿಯೇ ಹಳ್ಳದ ಆಕಾರ ಕೆಡಿಸಿರುತ್ತದೆ. ಮೇಲೆ ಹೋಗಿ, ಹಳ್ಳ ಸಹಜವಾಗಿ ಹರಿಯುವ ಕಡೆ, ದಂಡೆ ತುಂಬಿ ಹರಿದಾಗ ಎಷ್ಟು ಅಗಲ ಇರುತ್ತದೋ ಅಷ್ಟನ್ನು ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ. ಹೊಸ ಮೋರಿ ಕನಿಷ್ಠ ಅಷ್ಟು ಅಗಲ ಇರಲಿ. ಸಾಧ್ಯವಾದರೆ 1.2 ಪಟ್ಟು.

ಗಾತ್ರದ ಬಗ್ಗೆ ಇನ್ನೊಂದು ಮಾತು. ಇಳಿಜಾರು ಒಂದೇ ಇದ್ದರೆ, ಪೈಪಿನ ಅಡ್ಡಳತೆ ಎರಡು ಪಟ್ಟಾದಾಗ ಅದು ತುಂಬಿ ಹರಿಸುವ ನೀರು ಆರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಒಂದು ಮೀಟರ್ ಪೈಪಿನ ಕೆಲಸವನ್ನು ಅರ್ಧ ಮೀಟರಿನ ಎರಡು ಪೈಪು ಮಾಡಲಾರವು.

ಮೂರನೆಯ ಕಾರಣ ಎಲ್ಲರ ಕಣ್ಣು ತಪ್ಪಿಸುತ್ತದೆ. ಪೈಪು ಸಾಕಷ್ಟು ದೊಡ್ಡದು, ಬಾಯಿಯೂ ಸ್ವಚ್ಛ, ಆದರೂ ಏರಿ, ಅಂದರೆ ರಸ್ತೆಗಾಗಿ ತುಂಬಿದ ಮಣ್ಣಿನ ದಿಬ್ಬ, ಕೊಚ್ಚಿಹೋಯಿತು. ಆಗ ಕೆಳಬದಿ ನೋಡಿ. ಪೈಪಿನ ತುದಿ ಗಾಳಿಯಲ್ಲಿ ನೇತಾಡುತ್ತಿದ್ದು, ಅಡಿಯಲ್ಲಿ ಆಳವಾದ ಗುಂಡಿ ಬಿದ್ದಿದ್ದರೆ, ಬೀಳುವ ನೀರು ಏರಿಯ ಬುಡವನ್ನು ವರ್ಷಗಟ್ಟಲೆ ತಿಂದಿದೆ. ನೆರೆ ಬಂದದ್ದು ಕೊನೆಯ ತಳ್ಳಿಗೆ ಮಾತ್ರ. ಇನ್ನೊಂದು ಸಾಧ್ಯತೆ, ನೀರು ಪೈಪಿನ ಒಳಗಲ್ಲದೆ ಹೊರಮೈ ಹಿಡಿದು ಮಣ್ಣಿನಲ್ಲಿ ತೂರಿ ಹೋಗಿರುವುದು. ಪೈಪಿನ ಪಕ್ಕ ಕೈ ಹೋಗುವಷ್ಟು ಬಿಲ ಕಂಡರೆ ಅದೇ. ಪೈಪು ಹೂಳುವಾಗ ಎರಡು ಬದಿಯ ಮಣ್ಣನ್ನು ಸರಿಯಾಗಿ ದಮ್ಮಸು ಮಾಡಿರುವುದಿಲ್ಲ. ಹೊಸದು ಹಾಕುವಾಗ ಎರಡೂ ಬದಿ ಸಮನಾಗಿ, 15 ಸೆಂಟಿಮೀಟರ್ ಪದರಗಳಲ್ಲಿ ಗಟ್ಟಿ ಮಾಡುತ್ತಾ ಬನ್ನಿ. ಮೇಲೆ ಕನಿಷ್ಠ 30 ಸೆಂಟಿಮೀಟರ್ ಮಣ್ಣಿನ ಹೊದಿಕೆ ಬೇಕು. ಪೈಪಿನ ತಳ ಹಳ್ಳದ ತಳಕ್ಕಿಂತ ತುಸು ಕೆಳಗೆ ಇರಲಿ. ಆಗ ಒಳಗೆ ಮರಳು, ಕಲ್ಲು ಕೂತು ಹಳ್ಳದ ತಳ ಮುಂದುವರಿದಂತೆ ಆಗುತ್ತದೆ. ಮೀನುಗಳೂ ಹತ್ತಿ ಹೋಗುತ್ತವೆ. ನೇತಾಡುವ ಪೈಪನ್ನು ಮೀನು ಹತ್ತಲಾರದು. ಕಾಡಿನ ಹಳ್ಳದಲ್ಲಿ ಇದು ಸಣ್ಣ ವಿಷಯ ಅಲ್ಲ.

ಈಗ ನನಗೆ ಬಹಳ ಮುಖ್ಯ ಅನಿಸುವ ಪ್ರಶ್ನೆ. ಈ ಮೋರಿ ಮತ್ತೆ ಕಟ್ಟಿಕೊಂಡರೆ ನೀರು ಎಲ್ಲಿಗೆ ಹೋಗುತ್ತದೆ? ಮೋರಿಯ ಮೇಲೆ ನಿಂತು ರಸ್ತೆಯ ಎರಡೂ ಕಡೆ ನೋಡಿ. ರಸ್ತೆ ಎರಡೂ ಕಡೆ ಏರಿದರೆ ಉಕ್ಕಿದ ನೀರು ಅಲ್ಲೇ ರಸ್ತೆ ದಾಟಿ ಅದೇ ಹಳ್ಳಕ್ಕೆ ಬೀಳುತ್ತದೆ. ನಷ್ಟ ಒಂದು ಮೋರಿಗೆ ಮುಗಿಯುತ್ತದೆ. ಒಂದು ಕಡೆ ಇಳಿದರೆ ಹಳ್ಳಕ್ಕೆ ಹಳ್ಳವೇ ರಸ್ತೆ ಹಿಡಿದು ಕೆಳಗೆ ಓಡುತ್ತದೆ. ಅರ್ಧ ಕಿಲೋಮೀಟರ್ ರಸ್ತೆ ಹೋಗಬಹುದು. ಅದಕ್ಕೆ ಮೋರಿಯ ಇಳಿಜಾರಿನ ಬದಿಯಲ್ಲಿ, ಏರಿ ಮುಗಿಯುವ ಕಡೆ, ರಸ್ತೆಗೆ ಅಡ್ಡಲಾಗಿ ಒಂದು ಅಗಲವಾದ ತಗ್ಗು ಮಾಡಿ. ವಾಹನ ನಿಧಾನವಾಗಿ ಇಳಿದು ಹತ್ತುವಷ್ಟು ಸಾಕು. ಆ ತಗ್ಗಿನ ಕೆಳಬದಿಗೆ ಕಲ್ಲು ಹಾಸಿ. ಖರ್ಚು ಕಡಿಮೆ, ಉಳಿತಾಯ ಬಹಳ. ಕಸ ತುಂಬಾ ಬರುವ ಹಳ್ಳವಾದರೆ ಪೈಪಿನ ಆಸೆಯನ್ನೇ ಬಿಟ್ಟು, ನೀರು ಮೇಲೆ ಹರಿದು ಹೋಗುವ ಕಾಸ್‌ವೇ ಕಟ್ಟುವುದು ಒಳ್ಳೆಯದು. ಮಳೆಯ ಕೆಲವು ದಿನ ದಾರಿ ಮುಚ್ಚಬೇಕಾಗಬಹುದು. ಕಾಡು ನೋಡಲು ಬರುವವರು ಆ ದಿನಗಳಲ್ಲಿ ಬರದಿದ್ದರೂ ನಡೆಯುತ್ತದೆ, ಅಲ್ವಾ? ಕಾಡಿನಾಚೆ ಮನೆಗಳಿದ್ದರೆ ಮಾತ್ರ ಲೆಕ್ಕ ಬೇರೆ.

ರಸ್ತೆಯೇ ಕಾಲುವೆಯಾಗಿದ್ದರೆ

ಉದ್ದುದ್ದ ಕೊರಕಲು, ಜಲ್ಲಿ ಎಲ್ಲ ಕೆಳಗಿನ ತಿರುವಿನಲ್ಲಿ ರಾಶಿ. ಇದರ ದೋಷ ಸಾಮಾನ್ಯವಾಗಿ ಎರಡರಲ್ಲೊಂದು. ಚರಂಡಿಯ ನೀರನ್ನು ರಸ್ತೆಯಡಿ ದಾಟಿಸುವ ಅಡ್ಡ ಪೈಪುಗಳು ತೀರಾ ದೂರದೂರ ಇವೆ. ಇಲ್ಲವೇ ರಸ್ತೆಯ ಹೊರ ಅಂಚಿನಲ್ಲಿ ಮಣ್ಣಿನ ದಿಂಡು ಬೆಳೆದಿದೆ. ದಿಂಡು ಬೆಳೆಯುವುದು ರಸ್ತೆ ಕೆರೆದು ಸಮ ಮಾಡುವಾಗ. ಬ್ಲೇಡಿನಿಂದ ಸರಿದ ಮಣ್ಣು ಅಂಚಿನಲ್ಲಿ ಕೂತು ಗೋಡೆಯಾಗುತ್ತದೆ. ಹೊರಗೆ ಬೀಳಬೇಕಾದ ನೀರು ರಸ್ತೆಯ ಮೇಲೇ ಉಳಿಯುತ್ತದೆ. ದಿಂಡು ತೆಗೆಯುವುದಕ್ಕೆ ಗುದ್ದಲಿ ಸಾಕು. ನಾಲ್ಕು ಜನ ಒಂದು ದಿನ ಮಾಡುವ ಈ ಕೆಲಸ ಎಷ್ಟೋ ರಸ್ತೆ ಉಳಿಸುತ್ತದೆ.

ದೂರದ ಲೆಕ್ಕ ಹೀಗೆ. ಸುಲಭವಾಗಿ ಕೊಚ್ಚಿಹೋಗುವ ಮಣ್ಣಿನಲ್ಲಿ, ರಸ್ತೆಯ ಇಳಿಜಾರು ನೂರಕ್ಕೆ 3ರ ಒಳಗಿದ್ದರೆ ಸುಮಾರು 75 ಮೀಟರಿಗೊಂದು ಅಡ್ಡ ದಾರಿ ನೀರಿಗೆ ಬೇಕು. ಇಳಿಜಾರು 10ರಿಂದ 12 ಇದ್ದರೆ 35 ಮೀಟರಿಗೊಂದು. ಗಟ್ಟಿ ಮಣ್ಣು, ಕಲ್ಲು ನೆಲವಾದರೆ 120 ಮತ್ತು 60 ಮೀಟರ್. ಎಲ್ಲ ಕಡೆ ಪೈಪೇ ಆಗಬೇಕಿಲ್ಲ. ವಾಹನ ಕಡಿಮೆ ಇರುವ ದಾರಿಗೆ ಅಡ್ಡ ತಗ್ಗುಗಳೇ ವಾಸಿ, ಅವು ಕಟ್ಟಿಕೊಳ್ಳುವುದಿಲ್ಲ. ರಸ್ತೆಯ ಮೈಗೆ ಹೊರಕ್ಕೆ ನೂರಕ್ಕೆ 3ರಿಂದ 5ರಷ್ಟು ವಾಟ ಕೊಡಿ. ಪೈಪಿನ ನೀರನ್ನು ಸುಮ್ನೆ ಏರಿಯ ಮೇಲೆ ಬಿಡಬೇಡಿ. ಬೀಳುವ ಜಾಗದಲ್ಲಿ ಕಲ್ಲು ಹಾಸಿರಲಿ.

ಹೊರ ಅಂಚು ಕುಸಿದಿದ್ದರೆ

ಕೆಳಗೆ ಹೊಳೆ ಇದೆಯಾ? ಹೊಳೆಯ ತಿರುವಿನ ಹೊರಬದಿಯಲ್ಲಿ ರಸ್ತೆ ಇದ್ದರೆ ಬುಡ ಕೊರೆತ ಎಂದು ಮೊದಲು ಅನುಮಾನಿಸಿ. ಕುಸಿತದ ಬುಡ ನೀರಿನಲ್ಲಿ ಹಸಿಯಾಗಿ ಕಡಿದಂತೆ ನೆಟ್ಟಗಿದ್ದರೆ ಅನುಮಾನ ಖಚಿತ. ಅಲ್ಲಿ ಮೇಲಿನಿಂದ ಮಣ್ಣು ಸುರಿದರೆ ಹೊಳೆ ಅದನ್ನೂ ಒಯ್ಯುತ್ತದೆ. ಬುಡದಿಂದ ಕಲ್ಲು ಕಟ್ಟಿಕೊಂಡು ಬರಬೇಕು. ಕೋನವಿರುವ ಒಡೆದ ಕಲ್ಲು ಬೇಕು, ಹೊಳೆಯ ದುಂಡು ಕಲ್ಲು ಉರುಳುತ್ತದೆ. ಮೊದಲ ಸಾಲು ಹೊಳೆಯ ತಳದಿಂದ ಕೆಳಗೆ, ಕೊರೆತ ತಲುಪುವ ಆಳಕ್ಕಿಂತ ಕೆಳಗೆ ಹೂತಿರಬೇಕು. ಕಲ್ಲಿನ ಹಿಂದೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಅಥವಾ ಸಣ್ಣ ಜಲ್ಲಿಯ ಪದರ ಇಲ್ಲದಿದ್ದರೆ ಹಿಂದಿನ ಮಣ್ಣು ಸಂದುಗಳಿಂದ ಸೋರಿ ಹೋಗಿ ಕಲ್ಲು ಕುಸಿಯುತ್ತದೆ.

ಹೊಳೆ ದೂರ ಇದ್ದೂ ಅಂಚು ಕುಸಿದಿದ್ದರೆ ಕುಸಿದ ಮಣ್ಣನ್ನೇ ಅಗೆದು ನೋಡಿ. ಹಳೆಯ ಕಾಡುದಾರಿಗಳ ಏರಿಯೊಳಗೆ ಮರದ ಬುಡ, ದಿಮ್ಮಿ, ರೆಂಬೆ ಹೂತಿರುವುದು ಸಾಮಾನ್ಯ. ರಸ್ತೆ ಕಡಿದಾಗ ಬಿದ್ದ ಮರಗಳ ಮೇಲೆಯೇ ಮಣ್ಣು ತಳ್ಳಿರುತ್ತಾರೆ. ಅವು ಕೊಳೆತು ಒಳಗೆ ಪೊಳ್ಳಾಗುತ್ತದೆ, ನೀರು ತುಂಬಿದಾಗ ಇಡೀ ಅಂಚು ಜಾರುತ್ತದೆ. ಒಂದು ಕಡೆ ಇದು ಸಿಕ್ಕರೆ ಉಳಿದ ಕಡೆಯೂ ಇರುತ್ತದೆ. ಇನ್ನೂ ಬೀಳದ ಅಂಚಿನಲ್ಲಿ ಕಮಾನಿನಾಕಾರದ ಬಿರುಕು, ಓರೆಯಾಗಿ ನಿಂತ ಮರ ಹುಡುಕಿ ಗುರುತು ಹಾಕಿ.

ಮಳೆ ನಿಂತು ವಾರವಾದರೂ ಕುಸಿತದ ಮುಖದಿಂದ ನೀರು ಜಿನುಗುತ್ತಿದ್ದರೆ ಅದು ಒರತೆ. ಅದಕ್ಕೆ ದಾರಿ ಮಾಡಿಕೊಡದೆ ಮುಚ್ಚಿದರೆ ಒಳಗೆ ಒತ್ತಡ ಬೆಳೆದು ಮತ್ತೆ ತಳ್ಳುತ್ತದೆ. ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿದ ಜಲ್ಲಿಯ ಪದರ, ಅದರ ಬುಡದಲ್ಲಿ ತೂತಿನ ಪೈಪು ಹಾಕಿ ನೀರನ್ನು ಹೊರಗೆ ಬಿಡಿ.

ಬೆಟ್ಟದ ಇಳುಕಲು ನೂರಕ್ಕೆ 60ಕ್ಕಿಂತ ಕಡಿದಾಗಿದ್ದರೆ ತುಂಬಿದ ಮಣ್ಣು ನಿಲ್ಲುವುದು ಕಷ್ಟ. ಅಲ್ಲಿ ರಸ್ತೆಯನ್ನು ಬೆಟ್ಟದೊಳಕ್ಕೆ ಸರಿಸಿ, ಪೂರ್ತಿ ಗಟ್ಟಿ ನೆಲದ ಮೇಲೆ ತರಬೇಕು, ಇಲ್ಲವೇ ತಡೆಗೋಡೆ ಕಟ್ಟಬೇಕು. ಒಳಕ್ಕೆ ಕಡಿದರೆ ದರೆ ಎತ್ತರವಾಗುತ್ತದೆ, ಅದು ಜಾರುವ ಅಪಾಯವೂ ಜೊತೆಗೆ ಬರುತ್ತದೆ. ಈ ತೀರ್ಮಾನವನ್ನು ಮಣ್ಣು ಬಲ್ಲ ಎಂಜಿನಿಯರ್ ನೋಡದೆ ತೆಗೆದುಕೊಳ್ಳಬೇಡಿ.

ಮೇಲೆ ಚೆನ್ನಾಗಿದೆ, ಆದರೆ ನಂಬಿಕೆ ಬರುತ್ತಿಲ್ಲ

ನೀರು ನಿಂತು ಹೋದ ರಸ್ತೆ ಒಣಗಿದ ಮೇಲೆ ಸರಿಯಾಗಿಯೇ ಕಾಣುತ್ತದೆ. ಕಬ್ಬಿಣದ ಸರಳನ್ನು ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಅಲ್ಲಿ ಗುರುತು. ಡಾಂಬರಿದ್ದರೆ ಸರಳಿನಿಂದ ಕುಟ್ಟಿ ಸದ್ದು ಕೇಳಿ, ಪೊಳ್ಳಿದ್ದರೆ ಸದ್ದು ಬೇರೆಯೇ. ಇನ್ನೂ ಸರಿಯಾಗಿ ತಿಳಿಯಬೇಕಾದರೆ ಡಿಸಿಪಿ (ಡೈನಾಮಿಕ್ ಕೋನ್ ಪೆನೆಟ್ರೋಮೀಟರ್) ಎಂಬ ಸರಳ ಸಾಧನ ಇದೆ. 8 ಕಿಲೋ ಸುತ್ತಿಗೆ 575 ಮಿಲಿಮೀಟರ್ ಎತ್ತರದಿಂದ ಬಿದ್ದು ಒಂದು ಮೊನೆಯನ್ನು ನೆಲಕ್ಕೆ ಇಳಿಸುತ್ತದೆ. ಒಂದು ಏಟಿಗೆ ಎಷ್ಟು ಇಳಿಯಿತು ಎಂದು ಬರೆದುಕೊಳ್ಳುತ್ತಾ ಹೋಗುವುದು. ಏಟಿಗೆ 50 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ನೆಲದ ಬಲ, ಅಂದರೆ ಸಿಬಿಆರ್ (ಗಟ್ಟಿ ಜಲ್ಲಿಯ ಬಲಕ್ಕೆ ಹೋಲಿಸಿ ಹೇಳುವ ಅಳತೆ), ನೂರಕ್ಕೆ 4ಕ್ಕಿಂತ ಕಡಿಮೆ. ಅದರ ಮೇಲೆ ಜಲ್ಲಿ ಸುರಿದರೆ ಜಲ್ಲಿ ಕೆಸರಿನೊಳಗೆ ಮುಳುಗುತ್ತದೆ. ಮೆತ್ತಗಿನ ಮಣ್ಣು ತೆಗೆಯಿರಿ, ಇಲ್ಲವೇ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ ಅದರ ಮೇಲೆ ಜಲ್ಲಿ ಹಾಕಿ.

ಕಟ್ಟುವ ಕ್ರಮ

ದೋಷ ಸಿಕ್ಕಿತು. ಈಗಲೂ ಒಂದು ಪ್ರಶ್ನೆ ಉಳಿದಿದೆ. ಅದೇ ಜಾಗದಲ್ಲಿ, ಅದೇ ಅಗಲದಲ್ಲಿ ಕಟ್ಟಬೇಕಾ? ಹೊಳೆಯ ದಂಡೆಯಲ್ಲೇ ಇದ್ದು ಪದೇ ಪದೇ ಹೋಗುವ ತುಂಡನ್ನು ಮೇಲಕ್ಕೆ ಸರಿಸುವುದು ಒಂದು ಸಲದ ಖರ್ಚು. ಕೆಲವು ಕಡೆ ವಾಹನ ನಿಲ್ಲುವ ಜಾಗವನ್ನು ಕುಸಿತಕ್ಕಿಂತ ಮೊದಲೇ ಮಾಡಿ, ಉಳಿದದ್ದನ್ನು ಕಾಲುದಾರಿಯಾಗಿ ಬಿಟ್ಟರೆ ಸಾಕು. ಒಂದು ಕಿಲೋಮೀಟರ್ ಜಾಸ್ತಿ ನಡೆಯಲು ಚಾರಣಿಗರು ಬೇಸರ ಪಡುವುದಿಲ್ಲ. ಆದರೆ ನಡೆಯಲಾಗದ ಹಿರಿಯರು, ಗಾಲಿಕುರ್ಚಿಯವರು, ಪುಟ್ಟ ಮಕ್ಕಳ ಜೊತೆ ಬರುವವರು ಅಷ್ಟರಿಂದಲೇ ಕಾಡಿನಿಂದ ಹೊರಗುಳಿಯುತ್ತಾರೆ. ಬೆಂಕಿ ಬಿದ್ದರೆ ನೀರಿನ ಗಾಡಿ, ಯಾರಾದರೂ ಬಿದ್ದು ಪೆಟ್ಟಾದರೆ ಆಂಬುಲೆನ್ಸ್ ಎಲ್ಲಿವರೆಗೆ ಬರಬಲ್ಲದು ಎಂಬುದನ್ನೂ ಲೆಕ್ಕಕ್ಕೆ ತನ್ನಿ. ಕಾಡಿನ ಒಡೆತನ ಯಾರದೋ ಅವರ ಅನುಮತಿ, ಹಳ್ಳದಲ್ಲಿ ಕೆಲಸ ಮಾಡಲು ಬೇಕಾದ ಅನುಮತಿ ಎರಡನ್ನೂ ಯಂತ್ರ ತರಿಸುವ ಮೊದಲೇ ಪಡೆಯಿರಿ. ನೀರು ಕಡಿಮೆ ಇರುವ, ಮೀನು ಮೊಟ್ಟೆ ಇಡದ ಕಾಲದಲ್ಲಿ ಹಳ್ಳಕ್ಕೆ ಇಳಿಯಿರಿ.

ಕೆಲಸ ಮೇಲಿನ ದೋಷದಿಂದ ಶುರುವಾಗಬೇಕು. ಕಟ್ಟಿಕೊಂಡ ಪೈಪು ಬಿಡಿಸಿ, ನೀರನ್ನು ಅದರ ದಾರಿಗೆ ತಿರುಗಿಸಿ. ಆಮೇಲೆ ಕಿತ್ತುಹೋದ ಜಾಗದ ಬುಡ. ಆಮೇಲೆ ಏರಿ. ಕೊನೆಗೆ ಜಲ್ಲಿ. ಏರಿ ಕಟ್ಟುವಾಗ ಹಳೆಯ ಇಳುಕಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದುಕೊಳ್ಳಿ, ಹೊಸ ಮಣ್ಣು ಹಳೆಯದಕ್ಕೆ ಕಚ್ಚಿಕೊಳ್ಳುತ್ತದೆ. ನೆರೆ ತಂದ ಕಸದ ಮಣ್ಣನ್ನು ಮತ್ತೆ ತುಂಬಬೇಡಿ. 15ರಿಂದ 20 ಸೆಂಟಿಮೀಟರ್ ಪದರ, ಪ್ರತಿ ಪದರಕ್ಕೂ ರೋಲರ್. ಮಣ್ಣು ಎಷ್ಟು ಗಟ್ಟಿಯಾಗಬಲ್ಲದು ಎಂದು ಪ್ರಯೋಗಾಲಯದಲ್ಲಿ ನೋಡುವ ಪ್ರಾಕ್ಟರ್ ಪರೀಕ್ಷೆಯ ಗರಿಷ್ಠ ಒಣ ಸಾಂದ್ರತೆಯ ನೂರಕ್ಕೆ 95 ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೈಯಲ್ಲಿ ನೋಡುವುದಾದರೆ ಒಂದು ಹಿಡಿ ಮಣ್ಣು ಹಿಸುಕಿ. ಉಂಡೆ ಆಗಬೇಕು, ಕೈಗೆ ನೀರು ಬರಬಾರದು, ಮುರಿದರೆ ಎರಡು ಮೂರು ತುಂಡಾಗಬೇಕು. ಪುಡಿಯಾದರೆ ನೀರು ಚಿಮುಕಿಸಿ. ಅಂಟಿದರೆ ಒಣಗಲು ಬಿಡಿ.

ತೆರೆಯುವ ಮೊದಲು, ತೆರೆದ ಮೇಲೆ

ತುಂಬಿದ ಲಾರಿಯೊಂದನ್ನು ಹೊಸ ಭಾಗದ ಮೇಲೆ ನಡೆಯುವಷ್ಟು ನಿಧಾನವಾಗಿ ಓಡಿಸಿ, ಪಕ್ಕದಲ್ಲಿ ನಡೆಯುತ್ತಾ ಚಕ್ರದಡಿ ನೆಲ ನೋಡಿ. ಅಲುಗಿದರೆ, ಅಲೆಯಂತೆ ಎದ್ದರೆ, ಆ ಜಾಗ ಮತ್ತೆ ಅಗೆಯಬೇಕು. ಟ್ಯಾಂಕರ್ ನೀರನ್ನು ಚರಂಡಿಯ ಮೇಲಿನ ತುದಿಯಲ್ಲಿ ಬಿಟ್ಟು ಅದು ನೀವು ಹೇಳಿದ ದಾರಿಯಲ್ಲೇ ಹೋಗುತ್ತದಾ ನೋಡಿ. ಕೆಲಸ ಪೂರ್ತಿ ಮುಗಿಯುವವರೆಗೆ ನಡೆದು ಹೋಗುವವರಿಗೆ ಕುಸಿತದಿಂದ ದೂರದಲ್ಲಿ ಒಂದು ಕಾಲುದಾರಿ ಗುರುತು ಮಾಡಿಕೊಡಿ. ಇಲ್ಲದಿದ್ದರೆ ಜನ ಅಂಚಿನಲ್ಲೇ ದಾಟುತ್ತಾರೆ.

ಮೊದಲ ಜೋರು ಮಳೆಯ ದಿನ ದಾರಿ ಮುಚ್ಚಿ. ಮಳೆ ಕಡಿಮೆಯಾದ ಕೂಡಲೇ, ನೀರು ಇನ್ನೂ ಹರಿಯುತ್ತಿರುವಾಗ, ಇಬ್ಬರು ಗುದ್ದಲಿ ಹಿಡಿದು ಮೇಲಿನಿಂದ ಕೆಳಗೆ ನಡೆಯಿರಿ. ಪ್ರತಿ ಪೈಪಿನ ಬಾಯಲ್ಲಿ ನಿಂತು ಒಳಗೆ ಹೋಗುವ ನೀರನ್ನೂ, ಇನ್ನೊಂದು ಕಡೆ ಹೊರಬರುವ ನೀರನ್ನೂ ನೋಡಿ. ಹೋದದ್ದು ತಿಳಿ, ಬಂದದ್ದು ಕೆಸರು ಎಂದಾದರೆ ಪೈಪಿನ ಜೋಡಣೆ ಬಿಟ್ಟಿದೆ ಅಥವಾ ಪಕ್ಕದ ಮಣ್ಣು ತೂರುತ್ತಿದೆ. ಅಂದೇ ಗುರುತು ಹಾಕಿ, ನೀರು ಇಳಿದ ಕೂಡಲೇ ಅದನ್ನು ಬಿಚ್ಚಿ ನೋಡಿ.